ಹಗಲು ಮಲಗುವವಳ ಮನೆ

ಮನೆ ಖಾಲಿ ಮಾಡಿ ಎಂದು ಮಾಲೀಕರು ಬಂದು ಹೇಳಿದಾಗ ನರ್ಸಮ್ಮ ಒಳಕೋಣೆಯಲ್ಲಿ ಗಾಢ ನಿದ್ದೆಯಲ್ಲಿದ್ದಳು. ಬೆಳಗಿನ ಹತ್ತು ಗಂಟೆ. ಊರಿಗೆಲ್ಲ ಹಗಲು, ಅವಳಿಗೆ ನಡುರಾತ್ರಿ.

ಹನ್ನೊಂದು ವರ್ಷದಿಂದ ಅವಳದು ದೊಡ್ಡಾಸ್ಪತ್ರೆಯಲ್ಲಿ ರಾತ್ರಿ ಪಾಳಿ. ಸಂಜೆ ಏಳಕ್ಕೆ ಮನೆ ಬಿಟ್ಟರೆ ಬೆಳಗ್ಗೆ ಎಂಟೂವರೆಗೆ ವಾಪಸು. ಬಂದವಳು ಸ್ನಾನ ಮಾಡಿ, ಅತ್ತೆ ಮುಚ್ಚಿಟ್ಟದ್ದನ್ನು ತಿಂದು, ಕಿಟಕಿಗೆ ಹಳೇ ಕಂಬಳಿ ಎಳೆದು ಮಲಗಿದಳೆಂದರೆ ಮೂರು ಗಂಟೆಯವರೆಗೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಕೆಮ್ಮುವ ಹಾಗಿರಲಿಲ್ಲ. ಕಾವಲಿಗೆ ಅತ್ತೆ ಇದ್ದರು. ಕುಕ್ಕರ್ ಕೂಗಿಸುವುದಿದ್ದರೆ ಎಂಟರೊಳಗೆ ಕೂಗಿಸಿಬಿಡುವರು. ತರಕಾರಿ ಗಾಡಿಯವನು ಬಾಯಿ ತೆರೆಯುವ ಮೊದಲೇ ಬಾಗಿಲಿಗೆ ಬಂದು ಕೈಸನ್ನೆ ಮಾಡುವರು. ಅವನಿಗೂ ರೂಢಿಯಾಗಿ, ಆ ಮನೆ ಬಂತೆಂದರೆ ಟೊಮೇಟೊ ದರವನ್ನೂ ಬೆರಳಲ್ಲೇ ಹೇಳುತ್ತಿದ್ದ.

ಮಾಲೀಕರು ಕೆಟ್ಟವರಲ್ಲ. ಮಾಳಿಗೆಯ ಬಿರುಕು ಅಡುಗೆಮನೆಯ ಗೋಡೆಗೂ ಇಳಿದಿತ್ತು, ಕೆಡವಿ ಕಟ್ಟದೆ ಬೇರೆ ದಾರಿ ಇರಲಿಲ್ಲ. "ಒಂದೂವರೆ ತಿಂಗಳು ಟೈಮ್ ತಗೊಳ್ಳಿ. ಅದಕ್ಕಿಂತ ಹೆಚ್ಚು ಕೊಟ್ಟರೆ ಛಾವಣಿ ನನ್ನ ಮಾತು ಕೇಳಲ್ಲ" ಎಂದು ಅತ್ತೆಯ ಮುಂದೆ ಪಿಸುಮಾತಲ್ಲೇ ಹೇಳಿ ಹೋದರು. ಆ ಮನೆಯ ಶಿಸ್ತು ಅವರಿಗೂ ಗೊತ್ತಿತ್ತು.

ಮೂರು ಗಂಟೆಗೆ ಎದ್ದ ನರ್ಸಮ್ಮನಿಗೆ ಚಹಾದ ಜೊತೆ ಸುದ್ದಿಯೂ ಸಿಕ್ಕಿತು.

"ಇವರಿಗೆ ಹೇಳಿದ್ರಾ?" ಎಂದಳು.

"ಪ್ರೆಸ್ಸಿಗೆ ಫೋನ್ ಮಾಡಿದೆ. ನೋಡೋಣ ಅಂದ" ಎಂದರು ಅತ್ತೆ.

ಅವಳ ಗಂಡ ಪ್ರೆಸ್ಸಿನಲ್ಲಿ ಬೈಂಡರು. ಲೆಕ್ಕದ ಪುಸ್ತಕ, ಶಾಲೆಯ ಹಾಜರಿ ಪುಸ್ತಕಗಳಿಗೆ ರಟ್ಟು ಅಂಟಿಸುವ ಕೆಲಸ. ಬೆರಳ ತುಂಬ ಅಂಟು, ಬಾಯಿ ತುಂಬ 'ನೋಡೋಣ'. ಹತ್ತನೇ ತರಗತಿಯ ಮಗಳು ಪುಟ್ಟಿ ಅಪ್ಪನಿಗೆ 'ನೋಡೋಣಪ್ಪ' ಅಂತಲೇ ಹೆಸರಿಟ್ಟಿದ್ದಳು. ಆದರೆ ಈ ಸಲ ನೋಡೋಣಪ್ಪ ನಿಜವಾಗಿಯೂ ನೋಡಲು ಹೊರಟ. ದಿನಾ ಸಂಜೆ ಸೈಕಲ್ ಹತ್ತಿ ಬೀದಿ ಬೀದಿ ಸುತ್ತಿದ.

ಸಿಕ್ಕಿದ ಮೊದಲ ಮನೆ ಚೆನ್ನಾಗಿತ್ತು, ಆದರೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಅತ್ತೆ ಇಪ್ಪತ್ತೆಂಟು ವರ್ಷ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ನಿಂತು ಬೇಯಿಸಿ ಮಗನನ್ನು ಸಾಕಿದವರು. ನಿಂತ ಕಾಲುಗಳು ಈಗ ಕೂರಲೂ ಬಿಡುತ್ತಿರಲಿಲ್ಲ, ಏಳಲೂ ಬಿಡುತ್ತಿರಲಿಲ್ಲ. ಅವರು ಆ ಮನೆಯ ಮೊದಲ ಮಹಡಿಯವರೆಗೆ ಹತ್ತಿ, ಗೋಡೆ ಹಿಡಿದು, "ಗಾಳಿ ಬೆಳಕು ಚೆನ್ನಾಗಿದೆ" ಎಂದು ಅಲ್ಲಿಂದಲೇ ಇಳಿದರು.

ಎರಡನೆಯದು ನೆಲ ಅಂತಸ್ತು, ಆದರೆ ಶಾಲೆಗೆ ಎರಡು ಬಸ್ಸು ಬದಲಾಯಿಸಬೇಕು. ಪುಟ್ಟಿಯ ಪರೀಕ್ಷೆಗೆ ಮೂರು ತಿಂಗಳಿತ್ತು. ಮೂರನೆಯ ಮನೆಯ ಒಡತಿ ಎಲ್ಲ ಒಪ್ಪಿದ ಮೇಲೆ, "ರಾತ್ರಿಯೆಲ್ಲ ಹೊರಗಿರೋ ಹೆಂಗಸಾ? ನಮ್ಮ ಗೇಟು ಒಂಬತ್ತಕ್ಕೆ ಬೀಗ" ಎಂದಳು. "ಆಸ್ಪತ್ರೇಲಿ ಇರ್ತಾಳೆ" ಎಂದು ಗಂಡ ಹೇಳಿದ. "ಎಲ್ಲೇ ಇರಲಿ" ಎಂದಳು ಆಕೆ.

ನಾಲ್ಕನೆಯ ಮನೆಯನ್ನು ದಲ್ಲಾಳಿ ಒಂದು ಭಾನುವಾರ ತೋರಿಸಿದ. ನೆಲ ಅಂತಸ್ತು, ಎರಡು ಕೋಣೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಶಾಲೆಗೆ ಹತ್ತು ನಿಮಿಷ, ಪ್ರೆಸ್ಸಿಗೆ ಇಪ್ಪತ್ತು, ಆಸ್ಪತ್ರೆಗೆ ನಡೆದೇ ಹೋಗಬಹುದು. ಬಾಡಿಗೆ ಈಗ ಕೊಡುತ್ತಿದ್ದಷ್ಟೇ. ಬಾಗಿಲಿಗೆ ಒಂದೂ ಮೆಟ್ಟಿಲಿರಲಿಲ್ಲ. ಅತ್ತೆ ಒಳಗೆ ಹೋದವರು ಅಡುಗೆಕಟ್ಟೆಯ ಮೇಲೆ ಕೈಯಾಡಿಸಿ, ಹಿತ್ತಲಿಗೆ ಹೋಗಿ, ಮತ್ತೆ ಬೀದಿಗೆ ಬಂದು, ಮತ್ತೆ ಒಳಗೆ ಹೋದರು. ಅವರು ಅಷ್ಟು ಓಡಾಡಿದ್ದನ್ನು ನೋಡಿ ವರ್ಷಗಳಾಗಿದ್ದವು.

"ಪಕ್ಕದಲ್ಲಿ ಏನದು, ಶಟರ್ ಹಾಕಿದೆ?" ಎಂದು ನರ್ಸಮ್ಮ ಕೇಳಿದಳು.

"ಒಂದು ಗ್ಯಾರೇಜು. ಒಳ್ಳೇ ಜನ" ಎಂದ ದಲ್ಲಾಳಿ.

"ಕಾರ್ ರಿಪೇರಿನಾ?"

"ಅದೇ, ಸಣ್ಣಪುಟ್ಟದ್ದು."

ಮಂಗಳವಾರ ಪಾಳಿ ಮುಗಿಸಿ ಅವಳು ನೇರ ಆ ಬೀದಿಗೆ ಹೋದಳು. ಸಣ್ಣಪುಟ್ಟದ್ದು ಅವಳಿಗೆ ಬೀದಿ ತಿರುವಿನಲ್ಲೇ ಕೇಳಿಸಿತು. ಶಟರ್ ಮೇಲೆದ್ದಿತ್ತು. ನೆಗ್ಗಿದ ಕಾರಿನ ಬಾಗಿಲೊಂದನ್ನು ನೆಲಕ್ಕೆ ಕೆಡವಿ ಇಬ್ಬರು ಎದುರುಬದುರು ಕೂತು ಸುತ್ತಿಗೆಯಲ್ಲಿ ಬಡಿಯುತ್ತಿದ್ದರು. ಇನ್ನೊಬ್ಬ ಉಜ್ಜುವ ಯಂತ್ರ ಹಿಡಿದಿದ್ದ, ಅದು ಹಲ್ಲಿನ ಬೇರಿಗೇ ಕೈಹಾಕುವ ಹಾಗೆ ಕಿರುಗುಟ್ಟುತ್ತಿತ್ತು. ಬಣ್ಣದ ವಾಸನೆ, ಸುಟ್ಟ ಎಣ್ಣೆಯ ವಾಸನೆ. ಖಾಲಿ ಮನೆಯ ಕಿಟಕಿಯ ಗಾಜಿಗೆ ಅವಳು ಅಂಗೈ ಒತ್ತಿ ನೋಡಿದಳು. ಪ್ರತಿ ಏಟಿಗೂ ಗಾಜು ಅದುರುತ್ತಿತ್ತು.

ಆ ದಿನ ಅವಳು ಮಲಗಲಿಲ್ಲ. ಸಂಜೆ ಊಟಕ್ಕೆ ಎಲ್ಲರೂ ಕೂತಾಗ ಮಾತು ತೆಗೆದಳು.

"ಅದು ಆಗಲ್ಲ. ನಾನು ಅಲ್ಲಿ ಮಲಗೋಕೆ ಸಾಧ್ಯ ಇಲ್ಲ."

ಗಂಡ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಾ, "ಕಿವಿಗೆ ಹತ್ತಿ ಇಟ್ಟುಕೊಂಡರೆ?" ಎಂದ.

"ಎದೆಗೆ ಏನಿಟ್ಟುಕೊಳ್ಳಲಿ? ಸದ್ದು ನೆಲದಿಂದ ಬರುತ್ತೆ."

"ಅಮ್ಮಾ, ರೈಲ್ವೆ ಹಳಿ ಪಕ್ಕ ಜನ ಮಲಗಲ್ವಾ?" ಎಂದಳು ಪುಟ್ಟಿ.

"ಅವರು ಬೆಳಗ್ಗೆ ಎದ್ದು ಯಾರ ನರಕ್ಕೂ ಸೂಜಿ ಚುಚ್ಚಲ್ಲ."

"ಹಾಗಾದ್ರೆ ಎರಡು ಬಸ್ಸಿನ ಮನೆಗೇ ಹೋಗೋಣ. ನಾನು ಐದಕ್ಕೆ ಎದ್ದು ಹೋಗ್ತೀನಿ. ಫೇಲಾದ್ರೆ ಮನೆ ಮೇಲೆ ಹಾಕಿ" ಎಂದು ಪುಟ್ಟಿ ತಟ್ಟೆ ಎತ್ತಿಕೊಂಡು ಎದ್ದಳು.

"ಕೂತ್ಕೋ. ತಟ್ಟೆ ಬಿಟ್ಟು ಏಳಬಾರದು" ಎಂದರು ಅತ್ತೆ. ಆಮೇಲೆ ಮೆಲ್ಲಗೆ, "ಮೂರನೇ ಮಹಡಿಯದೇ ಆಗಲಿ ಬಿಡು. ಒಂದು ಸಲ ಹತ್ತಿದರೆ ನಾನು ಮತ್ತೆ ಇಳಿಯದಿದ್ದರಾಯಿತು" ಎಂದರು.

ಮಗ ಸುಲಿದ ಆಲೂಗಡ್ಡೆಯನ್ನು ಅಮ್ಮನ ತಟ್ಟೆಗೆ ಹಾಕಿದ.

ಮರುದಿನ ಅವಳು ಮೇಲ್ವಿಚಾರಕಿಯ ಕೋಣೆಗೆ ಹೋಗಿ ಹಗಲು ಪಾಳಿ ಕೇಳಿದಳು. ಮೇಲ್ವಿಚಾರಕಿ ಕನ್ನಡಕ ತೆಗೆದು ಒಂದು ಪಟ್ಟಿ ತೋರಿಸಿದರು. ಹಗಲು ಪಾಳಿಗೆ ಕಾದಿದ್ದವರು ಹದಿನಾಲ್ಕು ಜನ. ಎರಡನೆಯ ಹೆಸರಿನವಳಿಗೆ ನಾಲ್ಕು ತಿಂಗಳ ಕೂಸು, ಐದನೆಯವಳ ಗಂಡನಿಗೆ ಪಾರ್ಶ್ವವಾಯು.

"ನಿನ್ನ ಹೆಸರು ಎಲ್ಲಿ ಬರೀಲಿ ಹೇಳು. ಯಾರನ್ನ ಕೆಳಗಿಳಿಸಲಿ?"

"ಕೊನೇಲೇ ಬರೀರಿ" ಎಂದಳು ನರ್ಸಮ್ಮ.

ಎರಡು ವಾರ ಕಳೆದರೂ ಬೇರೆ ಮನೆ ಸಿಗಲಿಲ್ಲ. ಮೂರನೇ ಮಹಡಿಯ ಮನೆ ಇನ್ನೂ ಖಾಲಿಯಿತ್ತು, ಗ್ಯಾರೇಜಿನ ಪಕ್ಕದ್ದೂ ಖಾಲಿಯಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಮನೆಯಲ್ಲಿ ದಿನಾ ಅದೇ ಮಾತು, ಅದೇ ಮುನಿಸು. ಕೊನೆಗೆ ಅತ್ತೆಯೇ ಒಂದು ಉಪಾಯ ಹೇಳಿದರು.

"ಮಲಗೋಕಾಗಲ್ಲ ಅಂತ ಮಲಗದೇನೇ ಹೇಗೆ ಹೇಳ್ತೀಯ? ದಲ್ಲಾಳಿ ಹತ್ರ ಬೀಗದಕೈ ಇಸ್ಕೊಂಡು ಒಂದು ದಿನ ಮಲಗಿ ನೋಡು. ನಿದ್ದೆ ಬರಲಿಲ್ಲ ಅಂದ್ರೆ ನಾನೇ ಆ ಮನೆ ಹೆಸರೆತ್ತಲ್ಲ."

ನ್ಯಾಯವಾದ ಮಾತು. ಗುರುವಾರ ಪಾಳಿ ಮುಗಿಸಿ ಅವಳು ಹೋದಾಗ ಅತ್ತೆ ಆಗಲೇ ಆಟೋದಲ್ಲಿ ಬಂದು, ನೆಲ ಗುಡಿಸಿ, ಚಾಪೆ ಹಾಸಿ, ದಿಂಬಿಟ್ಟಿದ್ದರು. ಪಕ್ಕದಲ್ಲಿ ಸುತ್ತಿಗೆ ನಡೆದಿತ್ತು.

"ನೀನು ಮಲಕ್ಕೋ. ನಾನು ಹೊರಗೆ ನೆರಳಲ್ಲಿ ಕೂತಿರ್ತೀನಿ" ಎಂದು ಬಾಗಿಲು ಎಳೆದುಕೊಂಡರು.

ನರ್ಸಮ್ಮ ಗೋಡೆಗೆ ಬೆನ್ನು ಮಾಡಿ ಮಲಗಿದಳು. ಏಟು ನೆಲದಲ್ಲಿ ಹರಿದು ಬಂದು ಕಿವಿಯ ಹಿಂದಿನ ಎಲುಬಿಗೆ ತಾಗುತ್ತಿತ್ತು. ಎಣಿಸತೊಡಗಿದಳು. ಹಿಂದಿನ ರಾತ್ರಿ ವಾರ್ಡಿನಲ್ಲಿ ಇಬ್ಬರು ತೀರಿಕೊಂಡಿದ್ದರು. ಸಂಜೆಯಿಂದ ಅವಳು ಕೂತಿದ್ದೇ ಇಲ್ಲ. ಎಂಬತ್ತರವರೆಗೆ ಎಣಿಸಿದ ನೆನಪು. ಆಮೇಲೆ ಏನಾಯಿತೋ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಕೆನ್ನೆಗೆ ಚಾಪೆಯ ಗೆರೆ ಬಿದ್ದಿತ್ತು, ಸುತ್ತಿಗೆ ಬಡಿಯುತ್ತಲೇ ಇತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಎಷ್ಟು ಹೊತ್ತು ಮಲಗಿದೆ?"

"ಒಂದು ಗಂಟೆ ಹತ್ತು ನಿಮಿಷ. ಕೂಸಿನ ಹಾಗೆ ಮಲಗಿದ್ದೆ."

ಬೇರೆ ಯಾರೋ ಸಾಕ್ಷಿ ಹೇಳಿದ್ದರೆ ಜಗಳವಾಡಬಹುದಿತ್ತು. ತನ್ನ ಮೈಯೇ ತನ್ನ ವಿರುದ್ಧ ಸಾಕ್ಷಿ ಹೇಳಿತ್ತು. ಆ ಸಂಜೆ ಮನೆಯಲ್ಲಿ ಎಷ್ಟೋ ದಿನದ ಮೇಲೆ ಎಲ್ಲರೂ ನಗುನಗುತ್ತಾ ಉಂಡರು. "ನೋಡಿದ್ಯಾ, ನಾನು ಹೇಳ್ತಿರಲಿಲ್ವಾ" ಎಂದ ಗಂಡ. ಅವನು ಏನೂ ಹೇಳಿರಲಿಲ್ಲ. ಆದರೂ ಮರುದಿನವೇ ಹೋಗಿ ಮುಂಗಡ ಕೊಟ್ಟು ಬಂದ, ಜೀವಮಾನದಲ್ಲಿ ಮೊದಲ ಬಾರಿಗೆ 'ನೋಡೋಣ' ಅನ್ನದೆ.

ಮುಂದಿನ ಸೋಮವಾರ ನರ್ಸಮ್ಮ ಗ್ಯಾರೇಜಿಗೆ ಹೋದಳು. ಹೇಗೂ ನೆರೆಯವರಾಗುತ್ತಾರೆ, ಬಡಿಯುವ ಕೆಲಸ ಯಾವ ಹೊತ್ತಿನಲ್ಲಿ ಕಮ್ಮಿ ಅಂತ ತಿಳಿದುಕೊಂಡರೆ ಆ ಹೊತ್ತಿಗೆ ಮಲಗಬಹುದು ಎಂಬ ಆಸೆ. ಗ್ಯಾರೇಜಿನ ಮೇಸ್ತ್ರಿ ಐವತ್ತು ದಾಟಿದ ಮನುಷ್ಯ, ಒಂದು ಕಿವಿ ಮಂದ. ಕೈ ಒರೆಸಿಕೊಂಡು ಎದ್ದು ಬಂದು, ಅವಳಿಗೆ ಕಾರಿನಿಂದ ಕಿತ್ತ ಸೀಟನ್ನೇ ಎಳೆದು ಹಾಕಿದ.

"ಸುಳ್ಳು ಹೇಳಲ್ಲಮ್ಮ. ಒಂದರಿಂದ ಎರಡರವರೆಗೆ ಊಟ, ಆಗ ಸದ್ದಿರಲ್ಲ. ಉಳಿದ ಹೊತ್ತು ಬಡಿಯದೇ ಇದ್ದರೆ ನಮ್ಮ ಒಲೆ ಉರಿಯಲ್ಲ. ಬೇರೆ ಕಡೆ ಜಾಗ ಹುಡುಕಿದೆ. ಊರೊಳಗೆ ಗ್ಯಾರೇಜ್ ಅಂದ್ರೆ ಯಾರೂ ಕೊಡಲ್ಲ."

"ನಮಗೂ ಹಾಗೇ ಆಯ್ತು" ಎಂದಳು ಅವಳು.

"ದಿನಾ ನಿಲ್ಲಿಸು ಅಂದ್ರೆ ಆಗಲ್ಲ. ಆವತ್ತಿನ ಥರ ಒಂದು ದಿನ ಅಂದ್ರೆ ಬೇರೆ ಮಾತು."

"ಯಾವತ್ತು?"

"ಅದೇ, ನೀವು ಒಳಗೆ ಮಲಗಿದ್ರಲ್ಲ. ನಿಮ್ಮ ಅತ್ತೆ ಬಂದು, ನನ್ನ ಸೊಸೆ ರಾತ್ರಿಯೆಲ್ಲ ದುಡಿದು ಬಂದಿದ್ದಾಳೆ, ಒಂದು ಗಂಟೆ ಸುಮ್ಮನಿರಪ್ಪ ಅಂತ ಕೈಮುಗಿದರು. ಅಷ್ಟು ವಯಸ್ಸಾದೋರು ಕೈಮುಗಿದರೆ ಹೇಗೆ ಬಡೀಲಿ? ಹುಡುಗರನ್ನೆಲ್ಲ ಚಹಾಕ್ಕೆ ಕಳಿಸಿದೆ." ಅವಳ ಮುಖ ನೋಡಿ ಅವನಿಗೆ ಏನೋ ಎಡವಟ್ಟಾಯಿತು ಅನ್ನಿಸಿತು. "ನಿಮಗೆ ಗೊತ್ತಿರಲಿಲ್ವಾ?" ಎಂದ.

ಅವಳು ಮನೆಗೆ ಬಂದಾಗ ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತು ಗಾಜಿನ ಲೋಟಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ತುಂಬುತ್ತಿದ್ದರು. ಚಪ್ಪಲಿ ಬಿಡದೇ ನರ್ಸಮ್ಮ ಕೇಳಿದಳು.

"ಅತ್ತೆ, ಆವತ್ತು ನಾನು ಮಲಗಿದ್ದಾಗ ಗ್ಯಾರೇಜಲ್ಲಿ ಕೆಲಸ ನಡೀತಿತ್ತಾ?"

ಅತ್ತೆಯ ಕೈ ನಿಂತಿತು. "ಮೇಸ್ತ್ರಿ ಹೇಳಿದನಾ?"

"ಹೇಳಿದರು."

"ಯಾರಿಗೂ ಹೇಳಬೇಡಪ್ಪ ಅಂದಿದ್ದೆ. ಅವನ ಮಂದ ಕಿವಿಗೆ ಅದೊಂದು ಕೇಳಿಸಲಿಲ್ಲ ಅಂತ ಕಾಣುತ್ತೆ."

"ನಗಬೇಡಿ ಅತ್ತೆ."

"ನಗ್ತಿಲ್ಲ." ಅತ್ತೆ ಕೈಯಲ್ಲಿದ್ದ ಲೋಟವನ್ನು ಪಕ್ಕಕ್ಕಿಟ್ಟರು. "ಆ ಮೂರು ಮಹಡಿ ಮೆಟ್ಟಿಲಲ್ಲಿ ನಾನು ಒಂದಲ್ಲ ಒಂದು ದಿನ ಬೀಳ್ತೀನಿ ಕಣೇ. ಬಿದ್ದರೆ ಎತ್ತೋರು ಯಾರು? ನೀನೇ. ಆಸ್ಪತ್ರೇಲಿ ಇಪ್ಪತ್ತು ಜನರದ್ದು ಬಳಿದು ಬಂದು, ಮನೇಲಿ ನಂದೂ."

"ಹಾಗಂತ ನನಗೆ ಹೇಳಬಹುದಿತ್ತು."

"ಹೇಳಿದ್ದರೆ ನೀನು ಒಪ್ಪಿಬಿಡ್ತಿದ್ದೆ. ನಾನು ಬಾಯಿಬಿಟ್ಟು ಬೇಡೋದು, ನೀನು ಅಯ್ಯೋ ಪಾಪ ಅಂತ ಒಪ್ಪೋದು. ಆಮೇಲೆ ದಿನಾ ನಿನ್ನ ಕಣ್ಣು ನೋಡ್ಕೊಂಡು ನಾನು ಅನ್ನ ತಿನ್ನೋದು. ಅದಕ್ಕಿಂತ ಸುಳ್ಳೇ ವಾಸಿ ಅನ್ನಿಸಿತು."

"ನಾನು ನಿಂತಿರೋದೇ ಆ ಆರು ಗಂಟೆ ನಿದ್ದೆ ಮೇಲೆ. ಅದನ್ನ ನನ್ನ ಕೇಳದೆ ತಗೊಂಡ್ರಿ."

"ತಗೊಂಡೆ" ಎಂದರು ಅತ್ತೆ. ಒಂದು ಕೈ ನೆಲಕ್ಕೆ, ಒಂದು ಕೈ ಡಬ್ಬಕ್ಕೆ ಊರಿ ಏಳಲು ನೋಡಿದರು. ಅರ್ಧಕ್ಕೆ ಬಂದು, ಉಸಿರು ತೆಗೆದುಕೊಂಡು, ಮತ್ತೆ ಕೂತುಬಿಟ್ಟರು. "ಅವನಿಗೆ ಹೇಳು. ಈಗಲೇ ಹೇಳು. ಮುಂಗಡ ಹೋದರೆ ಹೋಗಲಿ. ಮೂರನೇ ಮಹಡಿಗೇ ಹೋಗೋಣ."

ನರ್ಸಮ್ಮ ನಿಂತೇ ಇದ್ದಳು. ಸಿಟ್ಟು ಬಂದಿತ್ತು. ಆದರೆ ಅದನ್ನು ಇಳಿಸಲು ಒಂದು ಜಾಗ ಬೇಕಲ್ಲ. ಆ ಮೊಣಕಾಲುಗಳ ಮೇಲೆ ಇಳಿಸುವುದಾ? ಹದಿನಾಲ್ಕು ಹೆಸರಿನ ಆ ಪಟ್ಟಿಯ ಮೇಲಾ? ಚಹಾಕ್ಕೆ ಹುಡುಗರನ್ನು ಕಳಿಸಿದ ಆ ಮೇಸ್ತ್ರಿಯ ಮೇಲಾ? ಹೊರಗೆ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ಗಂಡ ಕಾಗದ ಹಿಡಿದು ಒಳಗೆ ಬಂದ.

"ಕರಾರು ಪತ್ರ ರೆಡಿ. ನಿನ್ನ ಹೆಸರಲ್ಲೇ ಮಾಡಿಸಿದೀನಿ, ಕಾಯಂ ಕೆಲಸ ಇರೋರೇ ಬೇಕಂತೆ. ಯಾಕೆ ಇಬ್ಬರೂ ಹೀಗಿದೀರಿ?"

ಅತ್ತೆ ತಲೆ ಎತ್ತಲಿಲ್ಲ.

"ಏನಿಲ್ಲ. ಒಂದು ಲೋಟ ಬಿರುಕು ಬಿಟ್ಟಿದೆ ಅಂತ ನೋಡ್ತಿದ್ವಿ" ಎಂದಳು ನರ್ಸಮ್ಮ. ಆಮೇಲೆ ಪೆನ್ನು ಇಸಿದುಕೊಂಡು, ಅವನು ಬೆರಳಿಟ್ಟು ತೋರಿಸಿದ ನಾಲ್ಕು ಕಡೆಯೂ ಸಹಿ ಹಾಕಿದಳು. ಹನ್ನೊಂದು ತಿಂಗಳ ಕರಾರು.

ಹೊಸ ಮನೆಯಲ್ಲಿ ಎಲ್ಲರಿಗೂ ಒಂದೊಂದು ಸುಖ ಸಿಕ್ಕಿತು. ಪುಟ್ಟಿ ಶಾಲೆಯಿಂದ ಮಧ್ಯಾಹ್ನ ಮನೆಗೇ ಊಟಕ್ಕೆ ಬರತೊಡಗಿದಳು. ಗಂಡನಿಗೆ ಬೆಳಗ್ಗೆ ಅರ್ಧ ಗಂಟೆ ಉಳಿಯಿತು. ಅತ್ತೆ ದಿನಾ ಸಂಜೆ ತಾವೇ ಬೀದಿ ಕೊನೆಯವರೆಗೆ ನಡೆದು ಹೋಗಿ ಬ್ರೆಡ್ಡು ತರುತ್ತಿದ್ದರು, ದಾರಿಯಲ್ಲಿ ಎರಡು ಮನೆಯವರ ಪರಿಚಯವನ್ನೂ ಮಾಡಿಕೊಂಡಿದ್ದರು. ನರ್ಸಮ್ಮನಿಗೆ ಮಧ್ಯಾಹ್ನ ಒಂದರಿಂದ ಎರಡರವರೆಗಿನ ಹೊತ್ತು ಸಿಕ್ಕಿತು.

ಕಿವಿಗೆ ಹತ್ತಿ ಇಟ್ಟಳು. ಹಾಸಿಗೆಯನ್ನು ಈ ಗೋಡೆಯಿಂದ ಆ ಗೋಡೆಗೆ ಎಳೆದಳು. ಗಂಡ ಪ್ರೆಸ್ಸಿನಿಂದ ರಟ್ಟು ತಂದು ಕಿಟಕಿಗೆ ಅಂಟಿಸಿದ. ತನಗೆ ಬರುವ ಕೆಲಸವದು, ಅಚ್ಚುಕಟ್ಟಾಗಿ ಮಾಡಿದ. ಬೆಳಕು ನಿಂತಿತು. ಸದ್ದು ಬಾಗಿಲಿನಿಂದಲೂ ನೆಲದಿಂದಲೂ ಮೊದಲಿನಂತೆಯೇ ಬಂತು. ಏಳನೇ ವಾರದಲ್ಲೊಂದು ಬೆಳಗ್ಗೆ, ಪಾಳಿ ಮುಗಿಯುವ ಹೊತ್ತಿಗೆ, ಅವಳು ಹನ್ನೆರಡನೇ ಹಾಸಿಗೆಯವರ ಮಾತ್ರೆಯನ್ನು ಹದಿಮೂರನೆಯವರ ಅಂಗೈಗೆ ಹಾಕಿದಳು. ಆ ಮುದುಕ ಮಾತ್ರೆಯನ್ನು ತಿರುಗಿಸಿ ನೋಡಿ, "ಇದು ನನ್ನದಲ್ಲ ತಾಯಿ, ನನ್ನದು ಬಿಳೀದು" ಎಂದು ವಾಪಸು ಕೊಟ್ಟ. ಅವಳು ತೆಗೆದುಕೊಂಡಳು. ಬಿಳಿಯದನ್ನು ಕೊಟ್ಟಳು. ಶೌಚಾಲಯಕ್ಕೆ ಹೋಗಿ, ನಲ್ಲಿ ಬಿಟ್ಟು, ಮುಖಕ್ಕೆ ತಣ್ಣೀರು ಎರಚಿಕೊಂಡಳು. ಆಮೇಲೆ ಹೋಗಿ ಮೇಲ್ವಿಚಾರಕಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಬೈಯಲಿಲ್ಲ. ಪಟ್ಟಿ ತೆಗೆದು ನೋಡಿ, "ಈಗ ನೀನು ಹದಿಮೂರನೆಯವಳು" ಎಂದರು.

ಮನೆಗೆ ಬಂದು ಸ್ನಾನ ಮಾಡಿ ಮಲಗಿದಳು. ಪಕ್ಕದಲ್ಲಿ ಉಜ್ಜುವ ಯಂತ್ರ ಶುರುವಾಗಿತ್ತು. ಗಂಡ ಅವಳ ಬಾಗಿಲ ಮುಂದೆ ತುದಿಗಾಲಲ್ಲಿ ನಡೆದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬೀದಿಗೆ ಹೋಗಿ ಅಲ್ಲಿ ಹಾಕಿಕೊಂಡ. ಪುಟ್ಟಿ ಚಮಚ ಬೀಳಿಸಿದಳು.

"ಮೆಲ್ಲಗೆ ಕಣೇ, ಅಮ್ಮ ಮಲಗಿದ್ದಾಳೆ" ಎಂದು ಅತ್ತೆ ಪಿಸುಗುಟ್ಟಿದರು.

ಪುಟ್ಟಿ ಗ್ಯಾರೇಜಿನ ಕಡೆಗೂ ಅಜ್ಜಿಯ ಕಡೆಗೂ ನೋಡಿ ಚಮಚ ಎತ್ತಿಟ್ಟಳು.

ಹನ್ನೊಂದರ ಹೊತ್ತಿಗೆ ಅತ್ತೆ ಬಾಗಿಲನ್ನು ಒಂದು ಅಂಗೈಯಷ್ಟು ತೆರೆದು ಇಣುಕಿದರು. ನರ್ಸಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಉಸಿರನ್ನು ನಿಧಾನ ಮಾಡಿದಳು. ಮಲಗಿದವರ ಉಸಿರು ಹೇಗಿರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಹನ್ನೊಂದು ವರ್ಷ ಅದನ್ನೇ ಕೇಳುತ್ತಾ ಬಂದವಳು. ಅತ್ತೆ ತುಂಬ ಹೊತ್ತು ನಿಂತರು. ಅವರು ನಂಬಿದರೋ, ನಂಬಿದಂತೆ ಮಾಡಿದರೋ.

ಆಮೇಲೆ ಸುತ್ತಿಗೆ ಎರಡು ಏಟಿನ ನಡುವೆ ಬಿಡುವು ಕೊಟ್ಟಾಗ, ಅಗುಳಿ ತಾಗದ ಹಾಗೆ ಬೆರಳಡ್ಡ ಇಟ್ಟು, ಒಂದಿಷ್ಟೂ ಸದ್ದಾಗದಂತೆ ಬಾಗಿಲು ಮುಚ್ಚಿದರು.